ಮೈಯ ನೋವು, ಮನಸ್ಸಿನ ಸಂಕಟ: ಗೆರೆ ಎಲ್ಲಿದೆ?

ಪ್ರಶ್ನೆ: ಎರಡು ವರ್ಷಗಳಿಂದ ನನಗೆ ಸೊಂಟನೋವಿದೆ. ಎಂಆರ್‌ಐ ಸ್ಕ್ಯಾನ್‌ನಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಕಾಣಲಿಲ್ಲ. ‘ಇದು ಮಾನಸಿಕ, ಹೆಚ್ಚು ಯೋಚಿಸಬೇಡಿ’ ಎಂದು ವೈದ್ಯರೊಬ್ಬರು ಹೇಳಿ ಕಳುಹಿಸಿದರು. ಈ ಅವಧಿಯಲ್ಲೇ ನನ್ನ ತಂದೆ ತೀರಿಕೊಂಡರು. ಆ ದುಃಖವೂ ಕರಗಿಲ್ಲ. ಕೆಲವೊಮ್ಮೆ ಎದೆಯ ಮೇಲೆ ಭಾರ ಇಟ್ಟಂತಾಗುತ್ತದೆ. ದೇಹದ ನೋವಿಗೂ ಮನಸ್ಸಿನ ಸಂಕಟಕ್ಕೂ ನಿಜವಾದ ವ್ಯತ್ಯಾಸವೇನು? ಎರಡರಲ್ಲಿ ದೊಡ್ಡದು ಯಾವುದು? ನೋವು ತಪ್ಪಿದ್ದಲ್ಲ, ಆದರೆ ಸಂಕಟಪಡುವುದು ನಮ್ಮ ಆಯ್ಕೆ ಎಂಬ ಮಾತನ್ನು ಹಲವು ಕಡೆ ಓದಿದ್ದೇನೆ. ಅದು ಸರಿಯೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಮೂರು. ಅವುಗಳ ಅಡಿಯಲ್ಲಿ ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇದೆ ಎಂದು ನನಗೆ ತೋರುತ್ತದೆ: ಸ್ಕ್ಯಾನ್‌ಗೆ ಸಿಗದ ನನ್ನ ನೋವು ನಿಜವಾದದ್ದೋ ಅಥವಾ ನಾನು ಕಲ್ಪಿಸಿಕೊಂಡದ್ದೋ? ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ನಿಜವಾದದ್ದು. ಸ್ಕ್ಯಾನ್ ಎಲುಬು, ಎಲುಬುಗಳ ನಡುವಿನ ಮೆತ್ತನೆಯ ತಟ್ಟೆ (ಡಿಸ್ಕ್), ನರಗಳ ಆಕಾರವನ್ನು ತೋರಿಸುತ್ತದೆಯೇ ಹೊರತು ನೋವನ್ನು ತೋರಿಸುವುದಿಲ್ಲ. ನೋವನ್ನು ನೇರವಾಗಿ ಅಳೆಯಬಲ್ಲ ಯಾವ ಉಪಕರಣವೂ ಆಸ್ಪತ್ರೆಗಳಲ್ಲಿ ಇಲ್ಲ; ಹೀಗಿರುವಾಗ, ಅನುಭವಿಸುತ್ತಿರುವವರ ಮಾತೇ ನಮಗಿರುವ ಮುಖ್ಯ ಸಾಕ್ಷ್ಯ.

ದೇಹದ ಪೆಟ್ಟಿನಿಂದ ಬಂದದ್ದು ನಿಜವಾದ ನೋವು, ಮನಸ್ಸಿನಿಂದ ಬಂದದ್ದು ಅಷ್ಟು ನಿಜವಲ್ಲದ ಇನ್ನೊಂದು ಸರಕು ಎಂದು ನಾವು ಸಾಮಾನ್ಯವಾಗಿ ವಿಂಗಡಿಸುತ್ತೇವೆ. ವೈದ್ಯರೂ ಇದಕ್ಕೆ ಹೊರತಲ್ಲ. ನೋವು ಚಿಕಿತ್ಸೆಯಲ್ಲಿ ತೊಡಗಿರುವವನಾಗಿ ನನ್ನ ಅಭಿಪ್ರಾಯವೆಂದರೆ, ಗೆರೆ ಇರುವುದು ಹೌದು, ಆದರೆ ನಾವು ಅದನ್ನು ತಪ್ಪಾದ ಜಾಗದಲ್ಲಿ ಎಳೆದಿದ್ದೇವೆ. ಅದು ಹಾದುಹೋಗುವುದು ದೇಹ ಮತ್ತು ಮನಸ್ಸುಗಳ ನಡುವೆ ಅಲ್ಲ. ‘ಇಲ್ಲಿ ನೋಯುತ್ತಿದೆ’ ಎಂಬ ಅನುಭವಕ್ಕೂ ‘ಇದರಿಂದ ನನ್ನ ಗತಿ ಏನಾಗುತ್ತದೆ’ ಎಂಬ ಅನುಭವಕ್ಕೂ ನಡುವೆ. ಮೊದಲನೆಯದನ್ನು ನೋವು ಎಂದೂ ಎರಡನೆಯದನ್ನು ಸಂಕಟ ಎಂದೂ ಈ ಉತ್ತರದ ಮಟ್ಟಿಗೆ ಕರೆಯೋಣ. ಮುರಿದ ಮೂಳೆಯಲ್ಲಿ ಎರಡೂ ಇರಬಹುದು. ಅಗಲಿಕೆಯಲ್ಲಿಯೂ ಎರಡೂ ಇರಬಹುದು.

ದೇಹದ ಕಡೆಯಿಂದ ಆರಂಭಿಸುವುದು ಸುಲಭ, ಏಕೆಂದರೆ ಅಲ್ಲಿ ನಮಗೆ ಬಹಳಷ್ಟು ತಿಳಿದಿದೆ. ಚರ್ಮ, ಸ್ನಾಯು, ಕೀಲು, ಒಳಾಂಗಗಳಲ್ಲಿ ಹರಡಿಕೊಂಡಿರುವ ಕೆಲವು ನರತುದಿಗಳು ಅಪಾಯಕಾರಿ ಬಿಸಿ, ಒತ್ತಡ, ರಾಸಾಯನಿಕಗಳಿಗೆ ಮಾತ್ರ ಸ್ಪಂದಿಸುತ್ತವೆ. ಅವುಗಳ ಸುದ್ದಿ ಎರಡು ಬಗೆಯ ತಂತುಗಳಲ್ಲಿ ಸಾಗುತ್ತದೆ. ತೆಳುವಾದ ಹೊದಿಕೆಯಿರುವ ತಂತುಗಳು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿಯೂ ಹೊದಿಕೆಯಿಲ್ಲದವು ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆ ವೇಗದಲ್ಲಿಯೂ ಸುದ್ದಿ ಒಯ್ಯುತ್ತವೆ. ಕಾಲ್ಬೆರಳನ್ನು ಗಟ್ಟಿ ವಸ್ತುವಿಗೆ ಎಡವಿದಾಗ ಮೊದಲು ಚುರುಕಾಗಿ ಚುಚ್ಚಿ, ಒಂದು ಕ್ಷಣದ ಬಳಿಕ ಮಂದವಾದ, ಹರಡಿಕೊಳ್ಳುವ, ಹೊಟ್ಟೆಯನ್ನೇ ಕಲಕುವ ಇನ್ನೊಂದು ಅಲೆ ಬರುವುದು ಇದೇ ಕಾರಣಕ್ಕೆ. ಬೆನ್ನುಹುರಿಯನ್ನು ತಲುಪಿದ ಸುದ್ದಿ ಹಾಗೆಯೇ ಮೇಲಕ್ಕೆ ಹೋಗುವುದಿಲ್ಲ. ಅಲ್ಲಿ ಅದು ತಗ್ಗಲೂಬಹುದು, ಹಿಗ್ಗಲೂಬಹುದು. 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ದ್ವಾರ ನಿಯಂತ್ರಣ ಸಿದ್ಧಾಂತ ಹೇಳಿದ್ದು ಇದನ್ನೇ. ಅದರ ಕೆಲವು ವಿವರಗಳನ್ನು ನಂತರದ ಸಂಶೋಧನೆ ತಿದ್ದಿತಾದರೂ ಮುಖ್ಯ ಮಾತು ಉಳಿದುಕೊಂಡಿತು. ಮಿದುಳಿನಿಂದ ಕೆಳಗಿಳಿಯುವ ಹಾದಿಗಳು ಮೇಲೇರುವ ಸುದ್ದಿಯನ್ನು ಅಡಗಿಸಬಲ್ಲವು ಅಥವಾ ಹೆಚ್ಚಿಸಬಲ್ಲವು, ಮತ್ತು ಆ ಹಾದಿಗಳ ಮೇಲೆ ಭಯಕ್ಕೂ ಗಮನಕ್ಕೂ ನಿರೀಕ್ಷೆಗೂ ಅಧಿಕಾರವಿದೆ.

ಆದ್ದರಿಂದಲೇ ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರಲ್ಲಿ ನೋವನ್ನು ವ್ಯಾಖ್ಯಾನಿಸುವಾಗ ಅದನ್ನು ಬರಿಯ ಇಂದ್ರಿಯಾನುಭವ ಎನ್ನದೆ, ಅಹಿತಕರವಾದ ಇಂದ್ರಿಯಾನುಭವವೂ ಭಾವಾನುಭವವೂ ಹೌದು ಎಂದಿತು. 2020ರಲ್ಲಿ ವ್ಯಾಖ್ಯಾನವನ್ನು ಪರಿಷ್ಕರಿಸಿದಾಗ, ಅಂಗಾಂಶಕ್ಕೆ ಹಾನಿಯಾಗಿರಬಹುದು, ಆಗುವ ಸಂಭವವಿರಬಹುದು, ಇಲ್ಲವೇ ಅಂಥ ಹಾನಿಯಾದಾಗಿನ ಅನುಭವವನ್ನು ಹೋಲುವಂತಿದ್ದರೂ ಸಾಕು ಎಂದು ಸ್ಪಷ್ಟಪಡಿಸಿತು. ಜೊತೆಗೆ, ವ್ಯಕ್ತಿಯೊಬ್ಬರು ತಮಗೆ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂಬ ಟಿಪ್ಪಣಿಯನ್ನೂ ಸೇರಿಸಿತು. ನಿಮಗೆ ‘ಮಾನಸಿಕ’ ಎಂದು ಹೇಳಿದ ವೈದ್ಯರು ಈ ಟಿಪ್ಪಣಿಯನ್ನು ಓದಬೇಕಿತ್ತು.

ಗಾಯಕ್ಕೂ ನೋವಿಗೂ ನಡುವಿನ ನಂಟು ಎಷ್ಟು ಸಡಿಲ ಎಂಬುದಕ್ಕೆ 1995ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಪ್ರಸಂಗವನ್ನು ನಮ್ಮ ಕ್ಷೇತ್ರದಲ್ಲಿ ಮತ್ತೆ ಮತ್ತೆ ನೆನೆಯುತ್ತಾರೆ. 29 ವರ್ಷದ ಕಟ್ಟಡ ಕಾರ್ಮಿಕರೊಬ್ಬರು ಕೆಳಗೆ ಜಿಗಿದಾಗ 15 ಸೆಂಟಿಮೀಟರ್ ಉದ್ದದ ಮೊಳೆಯೊಂದು ಅವರ ಬೂಟನ್ನು ಸೀಳಿ ಮೇಲೆ ಬಂದಿತ್ತು. ಮೊಳೆ ಸ್ವಲ್ಪ ಅಲುಗಿದರೂ ಅವರು ತಡೆಯಲಾರದೆ ನರಳುತ್ತಿದ್ದರು. ಬಲವಾದ ನೋವುನಿವಾರಕವನ್ನೂ ಮಂಪರು ಬರಿಸುವ ಔಷಧವನ್ನೂ ಕೊಡಬೇಕಾಯಿತು. ಬೂಟು ಬಿಚ್ಚಿ ನೋಡಿದರೆ ಮೊಳೆ ಎರಡು ಬೆರಳುಗಳ ನಡುವೆ ಹಾದುಹೋಗಿತ್ತು, ಪಾದಕ್ಕೆ ಒಂದು ಗೀರೂ ಆಗಿರಲಿಲ್ಲ. ಇದನ್ನು ಕೇಳಿ ನಗುವವರಿದ್ದಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಆ ಮನುಷ್ಯ ನಟಿಸುತ್ತಿರಲಿಲ್ಲ. ಅವರ ಮಿದುಳಿಗೆ ಸಿಕ್ಕಿದ್ದ ಎಲ್ಲ ಸಾಕ್ಷ್ಯವೂ ಪಾದ ಸೀಳಿದೆ ಎಂದೇ ಹೇಳುತ್ತಿತ್ತು, ನೋವು ಅದಕ್ಕೆ ತಕ್ಕಂತೆಯೇ ಬಂದಿತ್ತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನೋವಿನ ಒಳಗೇ ಎರಡು ಪದರಗಳಿವೆ ಎಂಬುದನ್ನು ಗುರುತಿಸದೆ ಅದಕ್ಕೆ ಉತ್ತರಿಸಲಾಗದು. ಎಲ್ಲಿ, ಎಷ್ಟು, ಯಾವ ಬಗೆಯದು ಎಂದು ತಿಳಿಸುವುದು ಒಂದು ಪದರ; ಅದು ಬೇಡ, ಅದು ಹೋಗಬೇಕು ಎನಿಸುವ ಅಹಿತ ಇನ್ನೊಂದು. ಇವು ಸಾಮಾನ್ಯವಾಗಿ ಒಟ್ಟಿಗೇ ಬರುವುದರಿಂದ ಒಂದೇ ಎಂದು ನಮಗನ್ನಿಸುತ್ತದೆ. ಆದರೆ ಇವು ಬೇರ್ಪಡಬಲ್ಲವು. 1928ರಲ್ಲಿ ಪಾಲ್ ಶಿಲ್ಡರ್ ಮತ್ತು ಎರ್ವಿನ್ ಸ್ಟೆಂಗೆಲ್ ಎಂಬ ವೈದ್ಯರು ವಿವರಿಸಿದ ಅಪರೂಪದ ಸ್ಥಿತಿಯಲ್ಲಿ, ಮಿದುಳಿಗೆ ಹಾನಿಯಾದ ರೋಗಿಗಳು ಸೂಜಿ ಚುಚ್ಚಿದರೆ ‘ನೋಯುತ್ತಿದೆ’ ಎಂದೇ ಹೇಳುತ್ತಿದ್ದರು, ಆದರೆ ಕೈ ಹಿಂದೆಗೆಯುತ್ತಿರಲಿಲ್ಲ. ಇಂಥ ರೋಗಿಗಳಲ್ಲಿ ಕೆಲವರು ನೋಯುವಾಗ ನಗುವುದೂ ಉಂಟು. ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಪೆಟ್ಟಾದವರಲ್ಲಿ ಮುಂದೆಯೂ ಇದೇ ಬಗೆಯ ಪ್ರಕರಣಗಳು ವರದಿಯಾದವು. ಬೇರಾವ ಉಪಾಯವೂ ಉಳಿಯದ ನೋವಿಗೆಂದು ಮಿದುಳಿನ ಸಿಂಗ್ಯುಲೇಟ್ ಎಂಬ ಇನ್ನೊಂದು ಭಾಗದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಲವರು ಹೇಳಿದ್ದು ಕೂಡ ಹೀಗೆಯೇ: ನೋವು ಇನ್ನೂ ಇದೆ, ಆದರೆ ಅದು ನನ್ನನ್ನು ಕಾಡುತ್ತಿಲ್ಲ.

ಆರೋಗ್ಯವಂತರಲ್ಲಿಯೂ ಈ ಬೇರ್ಪಡಿಕೆಯನ್ನು ತೋರಿಸಬಹುದು. 1997ರಲ್ಲಿ ಪಿಯೆರ್ ರೇನ್‌ವಿಲ್ ಮತ್ತು ಸಂಗಡಿಗರು ಮಾಂಟ್ರಿಯಲ್‌ನಲ್ಲಿ ನಡೆಸಿದ ಪ್ರಯೋಗದಲ್ಲಿ, ಕೈಯನ್ನು ನೋಯುವಷ್ಟು ಬಿಸಿಯಾದ ನೀರಿನಲ್ಲಿ ಇಟ್ಟಿದ್ದವರಿಗೆ ಸಮ್ಮೋಹನದ ಸ್ಥಿತಿಯಲ್ಲಿ ಅದರ ಅಹಿತ ಹೆಚ್ಚುತ್ತದೆ ಅಥವಾ ಕಡಿಮೆಯಾಗುತ್ತದೆ ಎಂಬ ಸೂಚನೆ ಕೊಡಲಾಯಿತು. ನೀರಿನ ಬಿಸಿ ಬದಲಾಗಲಿಲ್ಲ. ಅಹಿತ ಎಷ್ಟೆಂದು ಅವರು ಹೇಳುತ್ತಿದ್ದರೋ ಅದಕ್ಕೆ ಅನುಗುಣವಾಗಿ ಸಿಂಗ್ಯುಲೇಟ್ ಭಾಗದ ಚಟುವಟಿಕೆ ಏರಿಳಿಯಿತು. ಸ್ಪರ್ಶದ ಜಾಗವನ್ನು ಗುರುತಿಸುವ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಭಾಗ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಎಂದರೆ ಅಹಿತವೆಂಬುದು ನೋವಿನ ಜೊತೆಗೆ ತಾನಾಗಿಯೇ ಅಂಟಿಕೊಂಡು ಬರುವ ನೆರಳಲ್ಲ, ಅದಕ್ಕೆ ತನ್ನದೇ ಆದ ಯಂತ್ರಾಂಗವಿದೆ.

ಆದರೆ ಅಹಿತವೂ ಸಂಕಟವಲ್ಲ. ಹಲ್ಲು ಕೀಳುವಾಗ ಅಹಿತ ತುಂಬಾ ಇರುತ್ತದೆ. ಸಂಕಟ ಅಷ್ಟಾಗಿ ಇರುವುದಿಲ್ಲ, ಏಕೆಂದರೆ ಅದು ಏಕೆ ಆಗುತ್ತಿದೆ, ಯಾವಾಗ ಮುಗಿಯುತ್ತದೆ, ಮುಗಿದ ಮೇಲೆ ಏನಾಗುತ್ತದೆ ಎಂಬುದೆಲ್ಲ ನಮಗೆ ತಿಳಿದಿರುತ್ತದೆ. ಅಮೆರಿಕದ ವೈದ್ಯ ಎರಿಕ್ ಕ್ಯಾಸೆಲ್ 1982ರಲ್ಲಿ ಬರೆದ ಲೇಖನವೊಂದು ಈ ವಿಷಯದಲ್ಲಿ ನನ್ನ ತಲೆಮಾರಿನ ಅನೇಕ ವೈದ್ಯರ ಕಣ್ಣು ತೆರೆಸಿತು. ನೋಯುವುದು ದೇಹ, ಆದರೆ ಸಂಕಟಪಡುವುದು ಇಡೀ ವ್ಯಕ್ತಿ ಎಂಬುದು ಅವರ ವಾದದ ತಿರುಳು. ತಾನು ಒಡೆದುಹೋಗುತ್ತಿದ್ದೇನೆ, ತನ್ನ ಬದುಕು ತನ್ನ ಕೈಮೀರುತ್ತಿದೆ ಎಂಬ ಅರಿವಿನಿಂದ ಸಂಕಟ ಹುಟ್ಟುತ್ತದೆ. ಅವರು ಕೊಟ್ಟ ಉದಾಹರಣೆಯೊಂದರಲ್ಲಿ, ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವು ತನಗಿದೆ ಎಂದು ನಂಬಿದ್ದ ಮಹಿಳೆಯೊಬ್ಬರಿಗೆ ಸಣ್ಣ ಪ್ರಮಾಣದ ಕೊಡೀನ್ ಎಂಬ ನೋವುನಿವಾರಕ ಸಾಕಾಗುತ್ತಿತ್ತು. ಅದು ಹರಡಿರುವ ಕ್ಯಾನ್ಸರಿನಿಂದ ಬರುತ್ತಿರುವ ನೋವು ಎಂದು ತಿಳಿದ ಮೇಲೆ ಅದನ್ನು ಶಮನಗೊಳಿಸಲು ಬಹಳ ಹೆಚ್ಚು ಔಷಧ ಬೇಕಾಯಿತು. ನೋವಿನ ಮೂಲ ಮೊದಲೂ ಅದೇ, ಆಮೇಲೂ ಅದೇ. ನಡುವೆ ಬದಲಾದದ್ದು ಅದರ ಅರ್ಥ.

ಇದಕ್ಕೆ ತದ್ವಿರುದ್ಧವಾದ ದಿಕ್ಕಿನಲ್ಲಿ ಹೆನ್ರಿ ಬೀಚರ್ ಎಂಬ ಅರಿವಳಿಕೆ ತಜ್ಞರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ರಣರಂಗದಲ್ಲಿ ಕಂಡದ್ದನ್ನು ನೋಡಬೇಕು. ತೀವ್ರವಾಗಿ ಗಾಯಗೊಂಡಿದ್ದ ಸೈನಿಕರಲ್ಲಿ ನೋವುನಿವಾರಕ ಬೇಕೆಂದವರು ಸುಮಾರು ಮೂರನೇ ಒಂದು ಭಾಗ ಮಾತ್ರ. ಆದರೆ ಯುದ್ಧ ಮುಗಿದ ಮೇಲೆ ಅವರು ಅಧ್ಯಯನ ಮಾಡಿದ ನಾಗರಿಕರಲ್ಲಿ, ಅಷ್ಟು ದೊಡ್ಡದಲ್ಲದ ಶಸ್ತ್ರಚಿಕಿತ್ಸೆಯ ಗಾಯಕ್ಕೂ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಔಷಧ ಕೇಳಿದರು. ಸೈನಿಕನಿಗೆ ಗಾಯವೆಂದರೆ ಯುದ್ಧದಿಂದ ಬಿಡುಗಡೆ. ನಾಗರಿಕನಿಗೆ ಶಸ್ತ್ರಚಿಕಿತ್ಸೆಯೆಂದರೆ ಬದುಕಿಗೆ ಬಂದ ಕುತ್ತು. ಹಾಗೆಂದು ಆ ಸೈನಿಕರಿಗೆ ಚರ್ಮವೇ ಮರಗಟ್ಟಿತ್ತು ಎಂದಲ್ಲ, ರಕ್ತನಾಳಕ್ಕೆ ಸೂಜಿಯನ್ನು ಒರಟಾಗಿ ಚುಚ್ಚಿದರೆ ಅವರೂ ಎಲ್ಲರಂತೆಯೇ ಗೊಣಗುತ್ತಿದ್ದರು ಎಂದು ಬೀಚರ್ ಬರೆದಿದ್ದಾರೆ. ನನಗೆ ಆ ಅಂಕಿಗಳಿಗಿಂತ ಈ ಸಣ್ಣ ವಿವರವೇ ಹೆಚ್ಚು ಮುಖ್ಯ ಎನಿಸುತ್ತದೆ.

ಈಗ ದೇಹಕ್ಕೆ ಯಾವ ಗಾಯವೂ ಆಗದೆ ಹುಟ್ಟುವ ಸಂಕಟಕ್ಕೆ, ಎಂದರೆ ನಿಮ್ಮ ತಂದೆಯವರ ಅಗಲಿಕೆಯಂಥದ್ದಕ್ಕೆ ಬರುತ್ತೇನೆ. ಅದಕ್ಕೂ ಸೊಂಟನೋವಿಗೂ ಕಣ್ಣಿಗೆ ಹೊಡೆಯುವ ವ್ಯತ್ಯಾಸಗಳು ಕೆಲವಿವೆ. ಸೊಂಟನೋವಿಗೆ ಜಾಗವಿದೆ, ನೀವು ಬೆರಳಿಟ್ಟು ತೋರಿಸಬಲ್ಲಿರಿ. ಅಗಲಿಕೆಗೆ ಜಾಗವಿಲ್ಲ, ಅದಕ್ಕಿರುವುದು ಕಾರಣ ಮಾತ್ರ. ಮೈಯ ನೋವು ಬಹುಮಟ್ಟಿಗೆ ಈ ಹೊತ್ತಿನದು. ನಿನ್ನೆಯ ಹಲ್ಲುನೋವನ್ನು ಇಂದು ನೆನೆಯಬಹುದು, ಇಂದು ಮತ್ತೆ ಅನುಭವಿಸಲು ಸಾಧ್ಯವಿಲ್ಲ. ಮನಸ್ಸಿನ ಸಂಕಟಕ್ಕೆ ಈ ಮಿತಿಯಿಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ ಹಳೆಯ ದೈಹಿಕ ನೋವನ್ನೂ ಹಳೆಯ ಅವಮಾನ, ವಂಚನೆಯಂಥ ಸಾಮಾಜಿಕ ನೋವನ್ನೂ ನೆನಪಿಸಿಕೊಳ್ಳಲು ಹೇಳಿದಾಗ, ಎರಡನೆಯದನ್ನು ನೆನೆದವರು ಅದನ್ನು ಮತ್ತೆ ಹೆಚ್ಚು ತೀವ್ರವಾಗಿ ಅನುಭವಿಸಿದರು. ಅಗಲಿದವರ ದನಿ, ಆಡದೆ ಉಳಿದ ಮಾತು, ಮಾಡಬಹುದಾಗಿದ್ದ ಒಂದು ಭೇಟಿ, ಇವೆಲ್ಲ ಪ್ರತಿ ಸಲ ನೆನಪಾದಾಗಲೂ ಹೊಸದಾಗಿಯೇ ಚುಚ್ಚುತ್ತವೆ. ಭವಿಷ್ಯದ ಕಡೆಗೂ ಇದೇ ಚಾಳಿ: ಇನ್ನೂ ಆಗದ, ಬಹುಶಃ ಎಂದೂ ಆಗದ ಸಂಗತಿಗಾಗಿ ನಾವು ಇವತ್ತೇ ಸಂಕಟಪಡಬಲ್ಲೆವು. ಮೈಗೆ ನಾಳೆಯ ಗಾಯದಿಂದ ಇಂದು ನೋಯಲು ಬಾರದು.

ಇನ್ನೊಂದು ವ್ಯತ್ಯಾಸವನ್ನು ಹೇಳದೆ ಇರಲಾರೆ. ಮೈಯ ನೋವಿಗೆ ಜೈವಿಕವಾದ ಸ್ಪಷ್ಟ ಕೆಲಸವಿದೆ. ಎಸ್‌ಸಿಎನ್9ಎ ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಹುಟ್ಟಿನಿಂದಲೇ ನೋವಿನ ಅರಿವಿರುವುದಿಲ್ಲ ಎಂದು 2006ರಲ್ಲಿ ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ಕಂಡುಕೊಂಡರು. ಇಂಥ ಮಕ್ಕಳು ನಾಲಗೆ, ತುಟಿಗಳನ್ನು ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಾರೆ, ಮೂಳೆ ಮುರಿದದ್ದು ತಿಳಿಯದೆ ಓಡಾಡುತ್ತಾರೆ. ನೋವಿಲ್ಲದ ಬದುಕು ವರವಲ್ಲ. ದುಃಖಕ್ಕೂ ಅಂಥದೇ ಕೆಲಸವಿದೆಯೇ ಎಂದು ಕೇಳಿದರೆ, ಬಾಂಧವ್ಯವನ್ನು ಕಾಯುವುದೇ ಅದರ ಕೆಲಸ ಎಂದು ವಾದಿಸುವವರಿದ್ದಾರೆ. ನನಗೆ ಆ ವಾದದಲ್ಲಿ ಹುರುಳಿದೆ ಎನಿಸುತ್ತದೆಯಾದರೂ, ಸುಟ್ಟ ಬೆರಳನ್ನು ಹಿಂದೆಗೆದಷ್ಟು ಸರಳವಾದ ಪರಿಹಾರವನ್ನು ದುಃಖ ಎಂದೂ ಸೂಚಿಸುವುದಿಲ್ಲ. ಅಗಲಿಕೆಯಿಂದ ಕೈ ಹಿಂದೆಗೆಯುವುದು ಹೇಗೆ?

ಇಷ್ಟೆಲ್ಲ ಬೇರೆಯಾಗಿದ್ದರೂ ಮಿದುಳಿನಲ್ಲಿ ಎರಡೂ ಒಂದೇ ಜಾಗದಲ್ಲಿ ನಡೆಯುತ್ತವೆ ಎಂಬ ಸುದ್ದಿಯನ್ನು ನೀವು ಓದಿರಬಹುದು. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು, ಕಂಪ್ಯೂಟರ್ ಪರದೆಯ ಮೇಲಿನ ಚೆಂಡಾಟದಿಂದ ಒಬ್ಬರನ್ನು ಬೇಕೆಂದೇ ಹೊರಗಿಟ್ಟಾಗ ಅವರ ಸಿಂಗ್ಯುಲೇಟ್ ಭಾಗ ದೈಹಿಕ ನೋವಿನಲ್ಲಿ ಆಗುವಂತೆಯೇ ಚುರುಕಾಯಿತು ಎಂದು ತೋರಿಸಿದರು. 2010ರಲ್ಲಿ ಇನ್ನೊಂದು ತಂಡ, ದಿನವೂ ಪ್ಯಾರಾಸಿಟಮಾಲ್ ತೆಗೆದುಕೊಂಡವರಲ್ಲಿ ಮನನೋಯುವ ಅನುಭವಗಳೂ ಕೊಂಚ ತಗ್ಗಿದವು ಎಂದು ವರದಿ ಮಾಡಿತು. ಮನಸ್ಸು ಮುರಿದದ್ದಕ್ಕೂ ಮೂಳೆ ಮುರಿದದ್ದಕ್ಕೂ ಒಂದೇ ಮಾತ್ರೆ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಆ ಸಂಭ್ರಮ ಅವಸರದ್ದಾಗಿತ್ತು. 2014ರಲ್ಲಿ ಪ್ರಕಟವಾದ ಹೆಚ್ಚು ಸೂಕ್ಷ್ಮವಾದ ವಿಶ್ಲೇಷಣೆಯೊಂದು, ಒಂದೇ ಭಾಗ ಚುರುಕಾದಂತೆ ಕಂಡರೂ ಅದರೊಳಗಿನ ಚಟುವಟಿಕೆಯ ವಿನ್ಯಾಸ ದೈಹಿಕ ನೋವಿಗೆ ಒಂದು ಬಗೆ, ತಿರಸ್ಕಾರದ ನೋವಿಗೆ ಇನ್ನೊಂದು ಬಗೆ ಎಂದು ತೋರಿಸಿತು. ದುಃಖಕ್ಕೆ ಪ್ಯಾರಾಸಿಟಮಾಲ್ ನುಂಗುವುದನ್ನು ನಾನಂತೂ ಯಾರಿಗೂ ಸಲಹೆ ಮಾಡುವುದಿಲ್ಲ. ಹೆಚ್ಚಾದರೆ ಅದು ಯಕೃತ್ತನ್ನು ಕೆಡಿಸುತ್ತದೆ.

ಎರಡೂ ಬೇರೆ ಬೇರೆ ಎಂದ ಮಾತ್ರಕ್ಕೆ ಒಂದನ್ನೊಂದು ಮುಟ್ಟುವುದಿಲ್ಲ ಎಂದಾಗದು. ನಿಮ್ಮ ಸೊಂಟನೋವು ಇಲ್ಲಿ ಪ್ರಸಕ್ತವಾಗುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ನೋವನ್ನು ದೀರ್ಘಕಾಲಿಕ ಎನ್ನುತ್ತೇವೆ. ಅಷ್ಟು ಹೊತ್ತಿಗೆ ಮೊದಲ ಪೆಟ್ಟು ಅನೇಕರಲ್ಲಿ ವಾಸಿಯಾಗಿರುತ್ತದೆ, ಆದರೆ ಸುದ್ದಿ ಒಯ್ಯುವ ವ್ಯವಸ್ಥೆಯೇ ಬದಲಾಗಿರುತ್ತದೆ. ಪೆಟ್ಟಿನ ನಂತರ ಬೆನ್ನುಹುರಿಯ ನರಕೋಶಗಳು ಅತಿಸಂವೇದಿಗಳಾಗಿ, ಮೊದಲು ನೋಯಿಸದಿದ್ದ ಸ್ಪರ್ಶಕ್ಕೂ ನೋವಿನ ಸುದ್ದಿ ಕಳುಹಿಸಬಲ್ಲವು ಎಂದು ಕ್ಲಿಫರ್ಡ್ ವುಲ್ಫ್ 1983ರಲ್ಲಿ ತೋರಿಸಿದರು. ಇದು ಯೋಚನೆಯಿಂದ ಹುಟ್ಟಿದ್ದಲ್ಲ, ನರಕೋಶಗಳಲ್ಲಿ ಆದ ಬದಲಾವಣೆ. ಆದರೂ ಎಂಆರ್‌ಐ ಚಿತ್ರದಲ್ಲಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿ, ಬೇರೆ ರೋಗದ ಲಕ್ಷಣವಾಗಿರದೆ ತಾನೇ ರೋಗವಾಗಿರುವ ದೀರ್ಘಕಾಲಿಕ ನೋವಿಗೆ ಈಗ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಸ್ಕ್ಯಾನ್‌ನ ಇನ್ನೊಂದು ಮುಖವನ್ನೂ ತಿಳಿದುಕೊಳ್ಳಿ. 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಬೆನ್ನುನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ 20ರ ಹರೆಯದವರಲ್ಲಿ ಶೇ. 37ರಷ್ಟು, 80 ವರ್ಷದವರಲ್ಲಿ ಶೇ. 96ರಷ್ಟು ಮಂದಿಯ ಬೆನ್ನೆಲುಬಿನ ತಟ್ಟೆಗಳಲ್ಲಿ ಸವೆತ ಕಾಣುತ್ತದೆ. ದೋಷ ಕಂಡವರಿಗೆಲ್ಲ ನೋವಿಲ್ಲ ಎಂದಾದರೆ, ದೋಷ ಕಾಣದವರಿಗೆ ನೋವೇ ಇಲ್ಲ ಎನ್ನುವುದು ಯಾವ ತರ್ಕ?

ಈ ಅತಿಸಂವೇದನೆಯ ಮೇಲೆ ಸಂಕಟ ಕೆಲಸ ಮಾಡುತ್ತದೆ. ನಿದ್ರೆಗೆಟ್ಟರೆ ನೋವನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಬಗ್ಗಿದರೆ ಬೆನ್ನು ಇನ್ನಷ್ಟು ಹಾಳಾದೀತು ಎಂಬ ಭಯದಿಂದ ಚಲನೆ ಕಡಿಮೆಯಾಗುತ್ತದೆ, ಚಲನೆ ಕಡಿಮೆಯಾದಂತೆ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಬೇಗ ನೋಯುತ್ತದೆ, ನೋಯುವುದು ಭಯವನ್ನು ನಿಜ ಮಾಡುತ್ತದೆ. ಅತ್ತ ಕಡೆಯಿಂದ, ಬಿಡದ ನೋವು ಕೆಲಸವನ್ನೂ ಸ್ನೇಹವನ್ನೂ ಕಿತ್ತುಕೊಂಡು ಖಿನ್ನತೆಗೆ ದಾರಿ ಮಾಡುತ್ತದೆ. ಎರಡು ವರ್ಷದ ಬಳಿಕ ಯಾವುದು ಮೊದಲು ಬಂತು ಎಂದು ಹುಡುಕುವುದರಲ್ಲಿ ನನಗೆ ಹೆಚ್ಚು ಪ್ರಯೋಜನ ಕಾಣುವುದಿಲ್ಲ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಉಪಶಮನ ಕೇಂದ್ರವನ್ನು ಆರಂಭಿಸಿದ ಸಿಸಿಲಿ ಸೌಂಡರ್ಸ್ ಸಾಯುವ ಹಂತದಲ್ಲಿರುವ ರೋಗಿಗಳ ಬಗ್ಗೆ ‘ಸಮಗ್ರ ನೋವು’ ಎಂಬ ಕಲ್ಪನೆಯನ್ನು ರೂಪಿಸಿದ್ದರು: ದೇಹದ, ಮನಸ್ಸಿನ, ಸಂಬಂಧಗಳ, ಬದುಕಿನ ಅರ್ಥದ ನೋವುಗಳು ಹೆಣೆದುಕೊಂಡಿರುತ್ತವೆ, ಒಂದನ್ನೇ ಹಿಡಿದು ಎಳೆದರೆ ಗಂಟು ಬಿಗಿಯುತ್ತದೆ. ನರ್ಸ್, ಸಮಾಜ ಕಾರ್ಯಕರ್ತೆ, ವೈದ್ಯೆ ಮೂರೂ ಆಗಿದ್ದವರಿಗೆ ಹೊಳೆಯಬಹುದಾದ ಮಾತದು.

ಇನ್ನು, ಸಂಕಟಪಡುವುದು ನಮ್ಮ ಆಯ್ಕೆ ಎಂಬ ಮಾತು. ಅದರಲ್ಲಿ ಒಂದು ಎಳೆ ಸತ್ಯವಿದೆ ಎಂಬುದನ್ನು ಮೇಲಿನ ಸಂಗತಿಗಳೇ ಹೇಳುತ್ತವೆ: ನೋವಿಗೆ ನಾವು ಕೊಡುವ ಅರ್ಥ ಬದಲಾದರೆ ಸಂಕಟ ಬದಲಾಗುತ್ತದೆ, ಮತ್ತು ಅರ್ಥವನ್ನು ಬದಲಿಸಲು ಅಭ್ಯಾಸದಿಂದ ಕಲಿಯಬಹುದು. ಧ್ಯಾನದ ಪರಂಪರೆಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದವು. ಬುದ್ಧನ ಉಪದೇಶಗಳಲ್ಲಿ ದೇಹದ ವೇದನೆಯನ್ನೂ ಅದಕ್ಕೆ ಮನಸ್ಸು ಸೇರಿಸುವ ವೇದನೆಯನ್ನೂ ಒಂದರ ಹಿಂದೆ ಒಂದು ತಗಲುವ ಎರಡು ಬಾಣಗಳೆಂದು ಬಿಡಿಸಿ ಹೇಳಿದೆ. ಆದರೆ ಆ ಉಪದೇಶದಲ್ಲಿ ಎರಡನೆಯ ಬಾಣವನ್ನು ತಪ್ಪಿಸಿಕೊಳ್ಳುವವನು ದೀರ್ಘ ಸಾಧನೆ ಮಾಡಿದವನು. ಗೋಡೆಗೆ ತಗಲಿಸುವ ಸುಭಾಷಿತವನ್ನು ಓದಿದವನಲ್ಲ. ‘ಆಯ್ಕೆ’ ಎಂದ ಕೂಡಲೇ ಸಂಕಟಪಡುವವರ ಮೇಲೆ ತಪ್ಪು ಹೊರಿಸಿದಂತಾಗುತ್ತದೆ: ನೀನೇ ಆರಿಸಿಕೊಂಡೆ, ನೀನೇ ಅನುಭವಿಸು. ಪ್ರೀತಿಸಿದವರು ತೀರಿಕೊಂಡಾಗ ದುಃಖಿಸುವುದನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಖಿನ್ನತೆಯನ್ನಂತೂ ಖಂಡಿತ ಇಲ್ಲ. ಆ ಘೋಷಣೆಯನ್ನು ನೀವು ಬದಿಗಿಡುವುದೇ ಒಳ್ಳೆಯದು.

ಯಾವುದು ದೊಡ್ಡದು ಎಂಬುದಕ್ಕೆ ನಾನು ಉತ್ತರಿಸಲಾರೆ, ಏಕೆಂದರೆ ಎರಡನ್ನೂ ತೂಗುವ ಒಂದೇ ತಕ್ಕಡಿ ಇಲ್ಲ. ತೀವ್ರವಾದ ಮೈನೋವಿನ ನಡುವೆ ಇರುವವರಿಗೆ ಬೇರೆ ಯಾವ ಸಂಕಟವೂ ನೆನಪಿಗೆ ಬರುವುದಿಲ್ಲ. ಅದೇ ವ್ಯಕ್ತಿ ವರ್ಷಗಳ ಬಳಿಕ ಹಿಂತಿರುಗಿ ನೋಡಿದಾಗ ಮೈನೋವು ಮಸುಕಾಗಿರುತ್ತದೆ, ಅವಮಾನವೋ ಅಗಲಿಕೆಯೋ ಸ್ಪಷ್ಟವಾಗಿರುತ್ತದೆ. ಕೇಳುವ ಹೊತ್ತನ್ನು ಅವಲಂಬಿಸಿ ಉತ್ತರ ಬದಲಾಗುವ ಪ್ರಶ್ನೆ ಅದು.

ಈಗ ನೀವು ಮಾಡಬೇಕಾದದ್ದು. ಮೊದಲು ಎದೆಯ ಭಾರ. ದುಃಖದಿಂದ ಎದೆ ಬಿಗಿಯುವುದು ಸಾಮಾನ್ಯವೇ ಆದರೂ, ಹೃದಯವನ್ನು ಪರೀಕ್ಷಿಸದೆ ಅದನ್ನು ದುಃಖದ ಲೆಕ್ಕಕ್ಕೆ ಹಾಕಬೇಡಿ. ತೀವ್ರವಾದ ಆಘಾತದ ನಂತರ ಹೃದಯದ ಸ್ನಾಯು ತಾತ್ಕಾಲಿಕವಾಗಿ ದುರ್ಬಲವಾಗುವ, ಹೃದಯಾಘಾತದಂತೆಯೇ ಕಾಣುವ ಸ್ಥಿತಿಯೊಂದನ್ನು 1990ರಲ್ಲಿ ಜಪಾನಿನ ವೈದ್ಯರು ಟಾಕೊತ್ಸುಬೊ ಎಂಬ ಹೆಸರಿನಲ್ಲಿ ವಿವರಿಸಿದರು. ಅಲ್ಲದೆ ದುಃಖದಲ್ಲಿರುವವರಿಗೂ ಎಲ್ಲರಿಗೆ ಆಗುವಂಥ ಹೃದಯಾಘಾತ ಆಗಬಹುದು. ಆ ಭಾರದ ಜೊತೆ ಬೆವರು, ಉಸಿರುಕಟ್ಟು, ತೋಳಿಗೋ ದವಡೆಗೋ ಹರಡುವ ನೋವು ಇದ್ದರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಸೊಂಟನೋವಿನ ವಿಷಯದಲ್ಲಿ, ಗಂಭೀರ ಕಾರಣಗಳಿಲ್ಲ ಎಂದು ವೈದ್ಯರು ಖಚಿತಪಡಿಸಿದ್ದರೆ, ನಿಮಗೆ ಹೆಚ್ಚು ನೆರವಾಗುವುದು ಮತ್ತೊಂದು ಸ್ಕ್ಯಾನ್ ಅಲ್ಲ. ನಿಧಾನವಾಗಿ ಹೆಚ್ಚಿಸುತ್ತ ಹೋಗುವ ವ್ಯಾಯಾಮ, ನಿದ್ರೆಯ ಸುಧಾರಣೆ ಮತ್ತು ನೋವಿನ ಬಗೆಗಿನ ಭಯವನ್ನು ತಗ್ಗಿಸುವ ಮನಶ್ಶಾಸ್ತ್ರೀಯ ಚಿಕಿತ್ಸೆ. ಇವುಗಳ ಗುರಿ ನೋವನ್ನು ಪೂರ್ತಿ ಅಳಿಸುವುದಲ್ಲ, ನೋವಿದ್ದರೂ ಬದುಕು ಹಿಗ್ಗುವಂತೆ ಮಾಡುವುದು. ಅನೇಕರಲ್ಲಿ ಆ ಹಾದಿಯಲ್ಲೇ ನೋವೂ ತಗ್ಗುತ್ತದೆ. ವೈದ್ಯರು ಡುಲಾಕ್ಸಿಟಿನ್ ಅಥವಾ ಅಮಿಟ್ರಿಪ್ಟಿಲಿನ್‌ನಂಥ ಖಿನ್ನತೆಯ ಔಷಧ ಬರೆದುಕೊಟ್ಟರೆ, ನಿಮ್ಮ ನೋವು ಸುಳ್ಳೆಂದು ಅವರು ತೀರ್ಮಾನಿಸಿದ್ದಾರೆ ಎಂದುಕೊಳ್ಳಬೇಡಿ. ಮಿದುಳಿನಿಂದ ಇಳಿದು ನೋವಿನ ಸುದ್ದಿಯನ್ನು ತಡೆಯುವ ಹಾದಿಗಳನ್ನು ಈ ಔಷಧಗಳು ಬಲಪಡಿಸುತ್ತವೆ, ಖಿನ್ನತೆಯೇ ಇಲ್ಲದವರಲ್ಲಿಯೂ ಅವು ನೋವನ್ನು ಕಡಿಮೆ ಮಾಡಬಲ್ಲವು.

ದುಃಖಕ್ಕೆ ಬೇರೆಯದೇ ಆರೈಕೆ ಬೇಕು. ಅಗಲಿಕೆಯ ನೋವು ರೋಗವಲ್ಲ, ಅದಕ್ಕೆ ಗಡುವೂ ಇಲ್ಲ. ಆದರೆ ಆರು ತಿಂಗಳು ದಾಟಿದ ಮೇಲೂ ಅದು ದಿನನಿತ್ಯದ ಬದುಕನ್ನು ನಡೆಸಲಾಗದಷ್ಟು ತೀವ್ರವಾಗಿಯೇ ಇದ್ದರೆ, ಅದನ್ನು ದೀರ್ಘಗೊಂಡ ಶೋಕವೆಂದು ಗುರುತಿಸಿ ಚಿಕಿತ್ಸೆ ಕೊಡುವ ಕ್ರಮ ಈಗ ಇದೆ, ಅದಕ್ಕೆಂದೇ ರೂಪಿಸಿದ ಮಾತುಕತೆಯ ಚಿಕಿತ್ಸೆಗಳಿವೆ. ಬದುಕುವುದೇ ಬೇಡ ಎಂಬ ಯೋಚನೆ ಸುಳಿದರೆ ಅದೇ ದಿನ ಯಾರಾದರೊಬ್ಬರಿಗೆ ಹೇಳಿ, ವೈದ್ಯರನ್ನು ಕಾಣಿ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಸೊಂಟದ ವಿಷಯವನ್ನೂ ತಂದೆಯವರ ವಿಷಯವನ್ನೂ ಒಂದೇ ಭೇಟಿಯಲ್ಲಿ ಹೇಳಿ. ಎರಡನ್ನೂ ಕೇಳಿಸಿಕೊಳ್ಳುವ ವ್ಯವಧಾನ ಅವರಿಗಿಲ್ಲವಾದರೆ ಬೇರೊಬ್ಬ ವೈದ್ಯರನ್ನು ಹುಡುಕುವುದರಲ್ಲಿ ತಪ್ಪೇನೂ ಇಲ್ಲ. ಈ ನಡುವೆ ಕಾಲಿನಲ್ಲಿ ಬಲ ಕುಗ್ಗಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮಲಮೂತ್ರದ ಮೇಲಿನ ಹಿಡಿತ ತಪ್ಪಿದರೆ, ಜ್ವರ ಅಥವಾ ಕಾರಣವಿಲ್ಲದ ತೂಕ ಇಳಿಕೆ ಕಂಡರೆ, ಹಳೆಯ ಸ್ಕ್ಯಾನ್ ಏನೇ ಹೇಳಿರಲಿ, ತಡಮಾಡದೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಿ.